ರಾಜಗೈ

ನಮ್ಮೂರಿನಲ್ಲಿ ಮನುಷ್ಯನಿಗೆ ಮೂರು ಕೈ: ಎಡಗೈ, ಬಲಗೈ, ಆಮೇಲೆ ರಾಜಗೈ. ಹೊರಗಿನಿಂದ ಬಂದವರು ಈ ಮಾತು ಕೇಳಿ ನಗುತ್ತಾರೆ. ನಗಲಿ ಬಿಡಿ, ನಮ್ಮ ಗಂಟೇನು ಹೋಯಿತು! ಟಾಕೀಸಿನ ಎದುರಿಗಿದ್ದ ಫಕೀರಪ್ಪನ ಚಹಾದಂಗಡಿಯಲ್ಲಿ ಒಂದು ಗಳಿಗೆ ಕೂತಿದ್ದರೆ ಅವರಿಗೂ ತಿಳಿಯುತ್ತಿತ್ತು. ಟಾಕೀಸಿನಿಂದ ಇಳಿದು ಬಂದವನೊಬ್ಬ ಬೆಂಚಿನ ಮೇಲೆ ಕೂತು, "ರಾಜಗೈ ಐತೋ ಫಕೀರಪ್ಪಾ" ಅನ್ನುತ್ತಿದ್ದ. ಫಕೀರಪ್ಪ ಕುದಿಯುವ ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎತ್ತಿ ಸುರಿದು ಸುರಿದು ಆರಿಸುತ್ತಿದ್ದ. ಲೋಟವನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಹದ ನೋಡುತ್ತಿದ್ದ. ಆಮೇಲೆ ಅವನ ಕೈಗಿಟ್ಟು, ಬೆರಳುಗಳು ಸರಿಯಾಗಿ ಸುತ್ತಿಕೊಂಡವೋ ಇಲ್ಲವೋ ನೋಡಿಯೇ ಬಿಡುತ್ತಿದ್ದ. ರಾಜಗೈಗೆ ಬಿಸಿ, ತಣ್ಣಗೆ ಒಂದೂ ಗೊತ್ತಾಗುವುದಿಲ್ಲ, ಅದಕ್ಕೆ.

ನಾನು ಆ ಟಾಕೀಸಿನ ಆಪರೇಟರ್ ರಾಚಪ್ಪ. ಮೇಲಿನ ಗೂಡಿನಲ್ಲಿ ಕೂತು ಪರದೆಯ ಮೇಲೆ ಬೆಳಕು ಬಿಡುವುದು ನನ್ನ ಕೆಲಸ. ಊರಿಗೆ ಸಿನಿಮಾ ಬರುವುದು ನಿಂತ ಮೇಲೆ ಟಾಕೀಸಿನಲ್ಲಿ ಪಾರಿವಾಳಗಳದ್ದೇ ರಾಜ್ಯವಾಗಿತ್ತು. ಆಗ ಊರಿಂದೂರಿಗೆ ವಿಡಿಯೋ ಗೇಮು ಹೊತ್ತು ತಿರುಗುವವನೊಬ್ಬ ಬಂದ. ಕಪ್ಪು ಪೆಟ್ಟಿಗೆಯೊಂದನ್ನು ನನ್ನ ಮಷೀನಿಗೆ ಜೋಡಿಸಿದ. ಪರದೆಯ ಮೇಲೆ ಕಲ್ಲಿನ ಕೋಟೆಯೊಂದು ಎದ್ದಿತು, ಅದರೊಳಗೆ ಒಬ್ಬ ರಾಜ ಎದ್ದ. ಬಿಳೀ ನಿಲುವಂಗಿ, ಎದೆಯ ಮೇಲೆ ಕೆಂಪು ಶಿಲುಬೆ, ಮುಖಕ್ಕೆ ಬೆಳ್ಳಿಯ ಮುಖವಾಡ, ಎರಡೂ ಕೈಗೆ ತೊಗಲಿನ ಗವಸು. ಮೀಸೆ ಚಿಗುರುವ ವಯಸ್ಸಿನ ಹುಡುಗ. ಗೇಮಿನವನು ಹೇಳಿದ ಪ್ರಕಾರ, ದೇವರ ಊರಿಗಾಗಿ ಬಡಿದಾಡಲು ಸಮುದ್ರ ದಾಟಿ ಬಂದವರ ರಾಜನಂತೆ. ಮೈಯೆಲ್ಲ ಕುಷ್ಠ, ನಾವು ದೊಡ್ಡ ರೋಗ ಅನ್ನುವುದು, ತಿನ್ನುತ್ತಿದ್ದರೂ, ಬೆರಳಿಗೆ ಹಿಡಿತವಿಲ್ಲದೆ ಕತ್ತಿಯನ್ನು ಮಣಿಕಟ್ಟಿಗೆ ಪಟ್ಟಿಯಿಂದ ಕಟ್ಟಿಸಿಕೊಂಡು, ಬರೀ ಮೊಳಕಾಲಿನಿಂದ ಕುದುರೆ ನಡೆಸಿ ಯುದ್ಧ ಗೆದ್ದವನಂತೆ. ಅವನು ಸಿಂಹಾಸನದಿಂದ ತಡವರಿಸುತ್ತ ಎದ್ದು ನಿಂತಾಗ, ನೋಡಿ, ಯಾರೂ ಹೇಳದೆ ಇಡೀ ಟಾಕೀಸೇ ಎದ್ದು ನಿಂತಿತು. ನನ್ನ ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತದ್ದು ಈಗಲೂ ನೆನಪಿದೆ.

ಗೇಮಿನವನು ಪೆಟ್ಟಿಗೆಯನ್ನು ನಮ್ಮಲ್ಲೇ ಬಿಟ್ಟು ಹೋಗುವಾಗ ಒಂದು ಮಾತು ಹೇಳಿ ಹೋದ. "ಎಡಕ್ಕ ಲಾಯ ಐತಿ. ಅಲ್ಲಿ ಹೋಗಿ ಕುದುರಿ ಹತ್ತಿದ ಅಂದ್ರ ಕಡೀ ಯುದ್ಧ. ಯುದ್ಧ ಮುಗೀತು ಅಂದ್ರ ರಾಜ ಸಾಯ್ತಾನ. ಆಮ್ಯಾಲ ಹೆಸರು ಬರತಾವು, ಆಟ ಮುಗೀತು." ಅವನು ಅದನ್ನು ಬಸ್ಸಿನ ವೇಳೆ ಹೇಳುವವನ ಹಾಗೆ ಹೇಳಿಬಿಟ್ಟ. ಕೇಳಿದ ಹೆಂಗಸರು ಅಲ್ಲೇ ಸೆರಗು ಕಣ್ಣಿಗೆ ಒತ್ತಿಕೊಂಡರು.

ಹಾಗಾಗಿ ನಾವು ಅವನನ್ನು ಕುದುರೆ ಹತ್ತಿಸಲಿಲ್ಲ. ಕೋಟೆಯೊಳಗೇ ಇಟ್ಟೆವು. ಬೆಳಿಗ್ಗೆ ತೋಟದಲ್ಲಿ ಅಡ್ಡಾಡಿಸುವುದು, ಬಿಸಿಲೇರಿದರೆ ಮರದ ಕೆಳಗೆ ಕೂರಿಸುವುದು, ಹೊತ್ತು ಮುಳುಗಿದರೆ ಪ್ರಾರ್ಥನೆಯ ಕೋಣೆಗೆ ಕರೆದೊಯ್ಯುವುದು. ಪೆಟ್ಟಿಗೆಗೆ ಒಂದು ಹಿಡಿಕೆ ಇತ್ತು, ಅದರ ಮೇಲೊಂದು ಗಿಡ್ಡ ಕಡ್ಡಿ, ಪಕ್ಕದಲ್ಲಿ ಗುಂಡಿಗಳು. ಊರವರು ಅದಕ್ಕೆ ಲಗಾಮು ಅಂದರು. ಲಗಾಮಿನ ಮೇಲೆ ಯಾರದಾದರೂ ಕೈ ಇರಲೇಬೇಕು. ಕೈ ತೆಗೆದರೆ ರಾಜ ನೆಲಕ್ಕೆ ಕುಸಿಯುತ್ತಿದ್ದ, ಪರದೆ ಮಸುಕಾಗುತ್ತಿತ್ತು. ಓಣಿಯ ಮೇಲೆ ಓಣಿ, ಮನೆಯ ಮೇಲೆ ಮನೆ ಪಾಳಿ ಹಚ್ಚಿಕೊಂಡೆವು. ಕಡ್ಡಿಯನ್ನು ಎಡಕ್ಕೆ ಮಾತ್ರ ಒತ್ತುವಂತಿಲ್ಲ. ಅದೇ ರೂಢಿಯಾಗಿ ನಮ್ಮೂರ ಜನ ನಾಲ್ಕು ದಾರಿ ಕೂಡಿದಲ್ಲಿ ಸುತ್ತು ಬಳಸಿಯಾದರೂ ಬಲಕ್ಕೇ ತಿರುಗುತ್ತಿದ್ದರು. ಎತ್ತುಗಳೂ ಕಲಿತುಬಿಟ್ಟಿದ್ದವು.

ಪಾಳಿ ಮಾಡಿದವನ ಕೈ ಮರಗಟ್ಟುತ್ತದೆ ಅನ್ನುವುದು ಮೊದಲ ದಿನವೇ ಗೊತ್ತಾಯಿತು. ಬೆರಳ ತುದಿಯಿಂದ ಶುರುವಾಗಿ ಮಣಿಕಟ್ಟಿನವರೆಗೆ ಏರುತ್ತಿತ್ತು, ಮರುದಿನ ಬೆಳಗಾಗುವುದರೊಳಗೆ ಇಳಿಯುತ್ತಿತ್ತು. ನನ್ನ ಮೊದಲ ಪಾಳಿ ಮುಗಿದಾಗ ಬೀಡಿ ಬೆರಳವರೆಗೆ ಉರಿದು ಬಂದು, ಚರ್ಮ ಕಮರಿದ ವಾಸನೆ ಬಂದ ಮೇಲೆಯೇ ನನಗೆ ಗೊತ್ತಾದದ್ದು. ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ. ರಾಜನ ಭಾರ ಹೊತ್ತವನಿಗೆ ಇಷ್ಟೂ ಆಗದಿದ್ದರೆ ಹೇಗೆ? ದರ್ಜಿ ಗುಂಡಿ ಹಚ್ಚುವುದನ್ನು ಬಿಟ್ಟು ತಲೆಯಿಂದ ತೂರಿಸಿಕೊಳ್ಳುವ ಅಂಗಿ ಹೊಲಿಯತೊಡಗಿದ. ಹಡಪದವನು ತನ್ನ ಪಾಳಿಯ ದಿನ ಕ್ಷೌರದ ಕತ್ತಿ ಮುಟ್ಟುತ್ತಿರಲಿಲ್ಲ. ರಾಜಗೈ ಇದ್ದವನ ಜೊತೆ ಅವತ್ತು ಯಾರೂ ಜಗಳ ಆಡುವಂತಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಗಂಡಹೆಂಡಿರು ಕೂಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ರೊಟ್ಟಿ ಮುರಿದು ಬಾಯಿಗಿಡಬೇಕಲ್ಲ, ಮುಖ ತಿರುಗಿಸಿಕೊಂಡು ಕೂತರೆ ತುತ್ತು ಕಿವಿಗೆ ಹೋಗುತ್ತದೆ!

ರಾಜನ ಭಾಷೆ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಒಂದು ಮಾತು ಮಾತ್ರ ಎಲ್ಲರಿಗೂ ತಿಳಿಯಿತು. ಸುಮ್ಮನೆ ನಿಲ್ಲಿಸಿದಾಗಲೆಲ್ಲ ಅವನು ತಲೆ ತುಸು ಓರೆ ಮಾಡಿ, "ಸಾಕೂ..." ಅನ್ನುತ್ತಿದ್ದ. ಬದುಕು ಸಾಕಾಗಿದೆ ಅನ್ನುತ್ತಾನೆ ಅಂತ ಕೆಲವರು. ಊರ ಹಿರಿಯ ನೀಲಕಂಠಪ್ಪ ಒಪ್ಪಲಿಲ್ಲ. "ಹುಚ್ಚಪ್ಪಗಳಿರಾ, ತಾಯಿ ತಂದಿ ಇಲ್ಲದ ಪರದೇಶಿ ಅದು. ನನ್ನ ಸಾಕು, ನನ್ನ ಸಾಕು ಅಂತ ನಮ್ಮನ್ನ ಕೇಳಾಕತ್ತೈತಿ. ಸಾಕೋಣು" ಅಂದ. ಅಲ್ಲಿಗೆ ತೀರ್ಮಾನವಾಯಿತು. ಅವನು ಊರಿನ ಸಾಕುಮಗನಾದ. ಅಂದಿನಿಂದ ಆ ಶಬ್ದವನ್ನು ಬೇರೆ ಯಾವುದಕ್ಕೂ ಬಳಸುವುದನ್ನೇ ನಾವು ಬಿಟ್ಟೆವು. ಊಟಕ್ಕೆ ಕೂತವನಿಗೆ ಹೊಟ್ಟೆ ತುಂಬಿದರೆ "ಆತು, ಬ್ಯಾಡ" ಅನ್ನುತ್ತಿದ್ದ. ಬೇರೆ ಊರಿನಿಂದ ಬಂದ ಸೊಸೆಯಂದಿರು ಬಾಯಿ ತಪ್ಪಿ ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಆದರೂ ಒಬ್ಬಳಿಗೆ ಮಾತ್ರ ಪಾಳಿ ಬಂದಿರಲಿಲ್ಲ. ಅವಳು ತುಳಜವ್ವ, ಟಾಕೀಸಿನ ಹಿಂದಿನ ಪಾಳು ಲಾಯದಲ್ಲಿ ಇದ್ದವಳು. ಹಿಂದೆ ಅವಳ ಗಂಡ ಅಲ್ಲಿ ಟಾಂಗಾ ಕಟ್ಟುತ್ತಿದ್ದ. ಚಿಕ್ಕ ವಯಸ್ಸಿನಲ್ಲೇ ಅವಳಿಗೆ ದೊಡ್ಡ ರೋಗ ಬಂತು. ಗಂಡ ಟಾಂಗಾ ಬಿಟ್ಟು, ಕುದುರೆ ಬಿಟ್ಟು, ಅವಳನ್ನೂ ಬಿಟ್ಟು ಹೋದ. ಗುಳಿಗೆ ನುಂಗಿ ನುಂಗಿ ರೋಗವೇನೋ ಪೂರಾ ವಾಸಿಯಾಯಿತು. ಡಾಕ್ಟರು ಊರ ನಡುವೆ ನಿಂತು, ಇವಳಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ಹೇಳಿ ಹೋದರು. ಬೆರಳುಗಳು ಮಾತ್ರ ಮಡಿಚಿಕೊಂಡು ಹಾಗೇ ಉಳಿದವು, ಸ್ಪರ್ಶ ತಿರುಗಿ ಬರಲಿಲ್ಲ. ಊರು ಡಾಕ್ಟರ ಮಾತಿಗೆ ತಲೆಯಾಡಿಸಿತು, ಅವಳ ಕೈಯಿಂದ ಒಂದು ಕಡ್ಡಿಯನ್ನೂ ಇಸಿದುಕೊಳ್ಳಲಿಲ್ಲ. ಫಕೀರಪ್ಪ ಅವಳ ತಗ್ಗುಬಿದ್ದ ಬೋಗುಣಿಗೆ ಮೇಲಿನಿಂದ ಸುಡುಸುಡು ಚಹಾ ಸುರಿಯುತ್ತಿದ್ದ. ಅವಳು ಸೆರಗಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದಳು. ಅವಳದು ದೊಡ್ಡ ರೋಗ, ನಮ್ಮದು ರಾಜಗೈ.

ಅವಳು ದಿನಾ ಟಾಕೀಸಿಗೆ ಬರುತ್ತಿದ್ದಳು. ಪರದೆಗೆ ಮೂಗು ತಾಗುವ ಹಾಗಿದ್ದ ಮುಂದಿನ ಬೆಂಚಿನ ಎಡತುದಿ ಅವಳ ಜಾಗ. ಆ ಬೆಂಚಿನಲ್ಲಿ ಇನ್ನಾರೂ ಕೂರುತ್ತಿರಲಿಲ್ಲ. ಗೂಡಿನ ಕಿಂಡಿಯಿಂದ ನನಗೆ ಅವಳ ನರೆತ ತುರುಬು ಕಾಣುತ್ತಿತ್ತು. ಎಲ್ಲರೂ ರಾಜನನ್ನು ನೋಡುತ್ತಿದ್ದರೆ ಆ ತುರುಬು ಮಾತ್ರ ಪರದೆಯ ಕೆಳಗಿನ ಎಡ ಮೂಲೆಗೆ ತಿರುಗಿರುತ್ತಿತ್ತು. ಆ ಮೂಲೆಯಲ್ಲಿ ಸೂರು ಸೋರಿ ಪರದೆಗೆ ಹಾವಸೆಗಟ್ಟಿದ ದೊಡ್ಡ ಕಲೆಯಿತ್ತು. ಕಲೆಯಲ್ಲಿ ಇವಳಿಗೇನು ಕಾಣುತ್ತದೋ ಅಂದುಕೊಂಡು ನಾನು ಬೀಡಿ ಹಚ್ಚುತ್ತಿದ್ದೆ.

ಹೀಗೇ ಎಷ್ಟೋ ವರ್ಷ ನಡೆಯಿತು. ಒಂದು ಬೇಸಿಗೆಯಲ್ಲಿ ರಾಜನ ಸ್ಥಿತಿ ಕೈ ಮೀರಿತು. ತೋಟದವರೆಗೂ ನಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ಕಪ್ಪು ಪೆಟ್ಟಿಗೆ ಕಾದ ಹಂಚಿನಂತಾಗಿ ಗೊರಗೊರ ಅನ್ನುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಕೈಗಳ ಕಥೆ. ರಾಜಗೈ ಬೆಳಿಗ್ಗೆಗೆ ಇಳಿಯುವುದು ಬಿಟ್ಟು ವಾರಗಟ್ಟಲೆ ನಿಲ್ಲತೊಡಗಿತು. ಬಡಗಿ ಖಾಜೇಸಾಬನದಂತೂ ಇಳಿಯಲೇ ಇಲ್ಲ. "ನಮ್ಮವರ ಮ್ಯಾಲ ಕತ್ತಿ ಎತ್ತಿದ ರಾಜಾಗ ನಾನ ಅಡ್ಡಾಡಸಬೇಕಾತು ನೋಡ್ರಿ, ಎಂಥಾ ದರ್ಬಾರ!" ಅಂತ ನಗುತ್ತಲೇ ಎಲ್ಲರಿಗಿಂತ ಹೆಚ್ಚು ಪಾಳಿ ಮಾಡಿದವನು ಅವನು. ಒಂದು ದಿನ ಬಾಗಿಲ ಚೌಕಟ್ಟು ಕೆತ್ತುತ್ತ ಉಳಿಯನ್ನು ತನ್ನ ಅಂಗೈಗೇ ಇಳಿಸಿಬಿಟ್ಟ. ನೆಲದ ಮೇಲೆ ರಕ್ತ ನೋಡಿ, ಯಾರದಿದು ಅಂತ ಅವನೇ ಕೇಳಿದನಂತೆ.

ಮರುದಿನ ಮಧ್ಯಾಹ್ನ ನೀಲಕಂಠಪ್ಪ ಊರನ್ನೆಲ್ಲ ಟಾಕೀಸಿಗೆ ಕರೆಸಿದ. ಕೈಗೆ ಪಟ್ಟಿ ಕಟ್ಟಿಕೊಂಡ ಖಾಜೇಸಾಬನೇ ಲಗಾಮು ಹಿಡಿದು ಕೂತಿದ್ದ, ಪಾಳಿ ಅವನದೇ ಇತ್ತು. ಪರದೆಯ ಮೇಲೆ ರಾಜ ಮೆಟ್ಟಿಲಿಗೆ ಒರಗಿ ಏದುಸಿರು ಬಿಡುತ್ತಿದ್ದ.

"ಕೈ ಹೋದ್ರ ಊರು ಉಣ್ಣೂದೇನು?" ನೀಲಕಂಠಪ್ಪ ಕೇಳಿದ. "ಸಾಕಿದ್ವಿ, ನಮ್ಮ ಕೈಲಾದಷ್ಟು ಸಾಕಿದ್ವಿ. ರಾಚಪ್ಪಾ, ಕರೆಂಟು ತಗದುಬಿಡು. ನಿದ್ದಿ ಮಾಡಿಧಂಗ ಹೋಗ್ಲಿ ಹುಡುಗ."

ಹೆಂಗಸರು ಗೊಳೋ ಅಂದರು. ಯಾರೋ "ಬ್ಯಾಡ್ರೀ ಯಪ್ಪಾ" ಅಂತ ಕೂಗಿದರು. ಆಗ ಮುಂದಿನ ಬೆಂಚಿನ ಎಡತುದಿಯಿಂದ ತುಳಜವ್ವ ಎದ್ದಳು. ಅಷ್ಟು ವರ್ಷದಲ್ಲಿ ಅವಳು ಟಾಕೀಸಿನಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.

"ಕರೆಂಟು ತಗೀಬ್ಯಾಡ್ರಿ. ಅಂವ ಸಾಕು ಅಂತನೂ ಅನ್ನಾಕತ್ತಿಲ್ಲ, ಸಾಕ್ರಿ ಅಂತನೂ ಅನ್ನಾಕತ್ತಿಲ್ಲ. ಕುದುರೀನ ಕರ್ಯಾಕತ್ತಾನ."

ಫಕೀರಪ್ಪ ಕಿಸಕ್ಕನೆ ನಕ್ಕ.

"ನಗಬ್ಯಾಡೋ ತಮ್ಮಾ. ಮನಷ್ಯಾರ ಜೋಡಿ ಹಂಗ ಯಾರರ ಮಾತಾಡ್ತಾರೇನು, ಕಡೀಕ ಹಂಗ ಎಳದು? ನಾ ನಮ್ಮ ಟಾಂಗಾ ಕುದುರಿ ಸರ್ಜಾಗ 'ಸರ್ಜೂ...' ಅಂತಿದ್ದೆ. ಹಂಗ ಎಳದ್ರ ಕುದುರಿಗೆ ತಿಳೀತೈತಿ. ಸಾಕೂ ಅನ್ನೂದು ಆ ಕುದುರೀ ಹೆಸರು. ಅಂವ ಒಮ್ಮೆ ಕರದ್ರ ಅದರ ಕಿವಿ ಒಮ್ಮೆ ನಿಮರತೈತಿ. ದಿನಾ ನೋಡೇನಿ ನಾ. ಬೇಕಾದ್ರ ಬಂದು ಇಲ್ಲಿ ಕುಂಡ್ರಿ."

ಯಾರೂ ಹೋಗಲಿಲ್ಲ. ಆ ಬೆಂಚಿನಲ್ಲಿ ಕೂರುವವರು ಯಾರು? ನನಗೆ ಒಳಗೊಳಗೇ ತಡೆಯಲಾಗಲಿಲ್ಲ. ಗೂಡಿನಿಂದ ಇಳಿದು, ನಡುವಿನ ಹಾದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತ ನಡೆದು, ಅವಳು ಎದ್ದ ಜಾಗದಲ್ಲಿ ಕೂತೆ. ಎದುರಿಗೇ ಆ ಕಲೆ. ಅಷ್ಟು ಹತ್ತಿರದಿಂದ ನೋಡಿದಾಗ ಕಲೆಯ ಒಳಗೆ ಅರ್ಧ ತೆರೆದ ಮರದ ಬಾಗಿಲು ಕಂಡಿತು. ಬಾಗಿಲಿನ ಮೇಲಿನಿಂದ ಹೊರಗೆ ಚಾಚಿದ ಒಂದು ತಲೆ. ಬಿಳಿಯ ಕುದುರೆ. ಅದು ಉಸಿರಾಡುತ್ತಿತ್ತು. ರಾಜ ಮೆಟ್ಟಿಲ ಮೇಲಿಂದ "ಸಾಕೂ..." ಅಂದ. ಕುದುರೆಯ ಎರಡೂ ಕಿವಿ ಚಟ್ಟನೆ ನಿಮಿರಿದವು, ಅದು ಬಾಗಿಲಿಗೆ ಎದೆ ಒತ್ತಿತು. ಮತ್ತೆ ಅಂದ, ಮತ್ತೆ ನಿಮಿರಿದವು. ಯವ್ವಾ! ಇಷ್ಟು ವರ್ಷ ಅವನು ಕರೆಯುತ್ತಲೇ ಇದ್ದ, ಅದು ಬಾಗಿಲ ಹಿಂದೆ ಕಾಯುತ್ತಲೇ ಇತ್ತು. ನಾವು ನಡುವೆ ಕೂತು ಸಾಕುತ್ತಿದ್ದೆವು.

"ಖರೇನ ಐತಿ" ಅಂತ ಜನರ ಕಡೆ ತಿರುಗಿ ಹೇಳಿದೆ. "ಕುದುರಿ ಐತಿ. ಕೇಳತೈತಿ."

ನೀಲಕಂಠಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡ. "ಹಂಗಾದ್ರ ಹತ್ತಸೋಣು" ಅಂದ. "ಆದ್ರ ಯಾರು ಹತ್ತಸೋರು?"

ಅದಕ್ಕೆ ಯಾರು ಮುಂದೆ ಬರುತ್ತಾರೆ? ಹತ್ತಿಸಿದವನೇ ಕೊಂದವನಾಗುತ್ತಾನೆ. ಸಾಕುಮಗನನ್ನು ಕಳಿಸಿಕೊಟ್ಟ ಕೈ ಅಂತ ಸಾಯುವವರೆಗೆ ಅವನ ಕೈಯನ್ನು ತೋರಿಸುತ್ತಾರೆ. ಪೈಲ್ವಾನರೆಲ್ಲ ನೆಲ ನೋಡತೊಡಗಿದರು. ಖಾಜೇಸಾಬ ಪಟ್ಟಿ ಕಟ್ಟಿದ ಕೈ ನೋಡಿಕೊಂಡು, "ನಂದ ಪಾಳಿ ಖರೇ, ಆದ್ರ ನನ್ನ ಕೈಲೆ ಆಗಂಗಿಲ್ರಿ" ಅಂತ ಅತ್ತುಬಿಟ್ಟ.

"ನಾ ಹತ್ತಸ್ತೀನಿ" ಅಂದಳು ತುಳಜವ್ವ.

"ಆ ಕೈಲೆ?" ಫಕೀರಪ್ಪ ಎದ್ದು ನಿಂತ. "ನೀ ಮುಟ್ಟಿದ ಮ್ಯಾಲ ಆ ಲಗಾಮು ನಾವು ಹೆಂಗ ಮುಟ್ಟೂದು?"

"ಮ್ಯಾಲ ಎಲ್ಲಿರತೈತೋ ಫಕೀರಾ? ಅಂವ ಹೋದ ಮ್ಯಾಲ ಯಾರು ಏನು ಮುಟ್ಟತೀರಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವ ಹಾಗಿತ್ತು. "ನಿಮ್ಮ ಕೈ ಮರಗಟ್ಟತಾವಂತ ನಿಮಗ ಅಂಜಿಕಿ. ನನ್ನ ಕೈಗೆ ಅಂವ ಇನ್ನೇನು ಮಾಡ್ಯಾನು? ಸರ್ಜಾ ಈ ಅಂಗೈಯಾಗಿಂದನ ಹುಲ್ಲು ತಿಂತಿತ್ತು. ಅದರ ತುಟಿ ಹತ್ತಿದ್ದು ನನಗ ತಿಳೀತಿರಲಿಲ್ಲ, ಕಣ್ಣಲೆ ನೋಡ್ತಿದ್ದೆ. ಅದಕ್ಕೂ ತಿಳೀತಿರಲಿಲ್ಲ ಇದು ಎಂಥಾ ಕೈ ಅಂತ. ತಂದು ಕೊಡ್ರಿ, ಒಮ್ಮೆ ಕೊಡ್ರಿ. ಅಂವನ ಕುದುರೀ ಅಂವನಿಗೆ ಮುಟ್ಟಸ್ತೀನಿ."

ಫಕೀರಪ್ಪ ಕೂತುಬಿಟ್ಟ. ಖಾಜೇಸಾಬ ಲಗಾಮನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಎದ್ದು, ತಂತಿ ಎಳೆದುಕೊಂಡು, ಮುಂದಿನ ಬೆಂಚಿಗೆ ಬಂದ. ನಾನು ಎದ್ದು ಜಾಗ ಬಿಟ್ಟೆ, ತುಳಜವ್ವ ಕೂತಳು, ಅವನು ಅವಳ ತೊಡೆಯ ಮೇಲೆ ಅದನ್ನಿಟ್ಟ. ಕೈ ಬಿಟ್ಟರೆ ರಾಜ ಕುಸಿಯುತ್ತಾನಲ್ಲ, ಅದಕ್ಕೆ ಅವಳ ಮಡಿಚಿದ ಬೆರಳುಗಳನ್ನು ತಾನೇ ಎತ್ತಿ, ಕಡ್ಡಿಯ ಮೇಲೆ ಅವಳ ಅಂಗೈ ಕೂರಿಸಿ, ಆಮೇಲೆ ತನ್ನ ಕೈ ತೆಗೆದ. ತನ್ನ ಕೈಯ ಮೇಲೆ ಅವನ ಕೈ ಇದ್ದಷ್ಟು ಹೊತ್ತೂ ಅವಳು ಅದನ್ನೇ ನೋಡುತ್ತಿದ್ದಳು. ನಾನು ಓಡಿ ಗೂಡು ಹತ್ತಿದೆ, ಮಷೀನಿನ ದೀಪದಲ್ಲಿ ಎಷ್ಟು ಬೆಳಕಿದೆಯೋ ಅಷ್ಟನ್ನೂ ಬಿಟ್ಟೆ.

ತುಳಜವ್ವ ಕಡ್ಡಿಯನ್ನು ಎಡಕ್ಕೆ ಒತ್ತಿದಳು. ರಾಜ ತಿರುಗಿದ. ಅವನು ಎಡಕ್ಕೆ ತಿರುಗಿದ್ದನ್ನು ಎಂದೂ ಕಾಣದಿದ್ದ ಜನ ಹಾ ಅಂದರು. ಏಳಲಾರದವನು ಗೋಡೆ ಹಿಡಿದು ಎದ್ದ, ಕಾಲೆಳೆಯುತ್ತ ಮೆಟ್ಟಿಲಿಳಿದ, ಲಾಯದ ಬಾಗಿಲಿಗೆ ಭುಜ ಕೊಟ್ಟು ನೂಕಿದ. ಕುದುರೆ ಕಲೆಯೊಳಗಿನಿಂದ ಇಡಿಯಾಗಿ ಹೊರಗೆ ಬಂತು. ಟಾಕೀಸಿನ ಅರ್ಧ ಗೋಡೆಯಷ್ಟಿತ್ತು, ನೊರೆಹಾಲಿನ ಬಣ್ಣ. ಅವನ ಎದುರಿಗೆ ಮೊಳಕಾಲೂರಿತು. ಅವನು ಹತ್ತಿದ. ಕೋಟೆಯ ಬಾಗಿಲು ತಾನಾಗಿ ತೆರೆದುಕೊಂಡಿತು.

ಹೊರಗೆ ಇಂಥ ಬೆಳಕಿದೆ ಅಂತ ನಮಗೆ ಯಾರು ಹೇಳಿದ್ದರು? ಕಲ್ಲಿನ ಕತ್ತಲೆಯನ್ನೇ ನೋಡಿ ನೋಡಿ ರೂಢಿಯಾದ ಕಣ್ಣಿಗೆ ಮರಳುಗಾಡು ಧಗ್ಗನೆ ಹೊಡೆಯಿತು. ಆ ಬೆಳಕಿನಲ್ಲಿ ಟಾಕೀಸಿನೊಳಗಿನ ಒಬ್ಬೊಬ್ಬರ ಮುಖವೂ ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ಗೊರಸಿನ ಸದ್ದಿಗೆ ಹಳೇ ಸ್ಪೀಕರುಗಳು ಅದುರಿ, ಸೂರಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಪರದೆಯ ಮುಂದೆ ಹಾರಾಡಿದವು. ಅವುಗಳ ನೆರಳೂ ಅವನ ಜೊತೆ ಓಡಿತು. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ಹುಡುಗ ಇವನೇನಾ? ಕುದುರೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕೈ ಇಳಿಬಿಟ್ಟು, ಮೊಳಕಾಲಿನಿಂದಲೇ ಅದಕ್ಕೆ ಹೇಳುತ್ತಿದ್ದ. ನಮ್ಮ ಸಾಕುಮಗ ರಾಜ ಅನ್ನುವುದೇ ನಮಗೆ ಮರೆತುಹೋಗಿತ್ತು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕು ಅನ್ನುವುದೂ ತೋಚಲಿಲ್ಲ.

ದೂರದಲ್ಲಿ ಧೂಳು ಎದ್ದಿತು. ಈಚೆ ಶಿಲುಬೆಯ ಬಾವುಟಗಳು, ಆಚೆ ಚಂದ್ರನ ಬಾವುಟಗಳು, ನಡುವೆ ಇವನೊಬ್ಬ. ನಗಾರಿ ಬಡಿಯತೊಡಗಿತು. ಆಚೆಯ ಕುದುರೆಗಳು ಸಾಲುಗಟ್ಟಿ ಇವನ ಮೇಲೆ ಬರತೊಡಗಿದವು.

"ಕತ್ತಿ ಎತ್ತವ್ವಾ!" ನೀಲಕಂಠಪ್ಪ ಚೀರಿದ. "ಆ ಕೆಂಪು ಗುಂಡಿ ಒತ್ತ!"

"ಬೆರಳಿಗೆ ಸಿಗಂಗಿಲ್ರಿ" ಅಂದಳು ಅವಳು. ಅಂಗೈಯಿಂದ ಕಡ್ಡಿಯನ್ನು ಮುಂದಕ್ಕೆ ಒತ್ತುವುದೊಂದೇ ಅವಳಿಂದ ಆಗುತ್ತಿದ್ದದ್ದು. ಒಂದು ಗಳಿಗೆ ಬಿಟ್ಟು, "ಸಿಕ್ರೂ ಒತ್ತಂಗಿಲ್ಲ" ಅಂದಳು.

ಅವನು ಮುಂದಕ್ಕೇ ಹೋದ. ಕತ್ತಿ ಮಣಿಕಟ್ಟಿನ ಪಟ್ಟಿಯಲ್ಲಿ ಸುಮ್ಮನೆ ತೂಗಾಡುತ್ತಿತ್ತು. ಒಂದು ಬಾಣ ಭುಜಕ್ಕೆ ನೆಟ್ಟಿತು, ಇನ್ನೊಂದು ತೊಡೆಗೆ. ಅವನಿಗೆ ಗೊತ್ತಾದಂತೆ ಕಾಣಲಿಲ್ಲ. ಆಚೆಯ ಸಾಲು ಇನ್ನೇನು ಮೇಲೆ ಬೀಳಬೇಕು, ಅಷ್ಟರಲ್ಲಿ ಕಪ್ಪು ಕುದುರೆಯ ಮೇಲಿದ್ದ ಸುಲ್ತಾನ ಬಲಗೈ ಎತ್ತಿದ. ನಗಾರಿ ನಿಂತಿತು. ಕತ್ತಿ ಎತ್ತದೆ ಬರುವವನನ್ನು ಸುಲ್ತಾನ ಒಂದು ಕ್ಷಣ ನೋಡಿದ. ಆಮೇಲೆ ತನ್ನ ಕುದುರೆಯನ್ನು ಪಕ್ಕಕ್ಕೆ ಸರಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅವನ ಹಿಂದಿದ್ದ ಅಷ್ಟು ದೊಡ್ಡ ಸೈನ್ಯ ಎರಡು ಹೋಳಾಗಿ ದಾರಿ ಬಿಟ್ಟಿತು. ಖಾಜೇಸಾಬ "ಯಾ ಅಲ್ಲಾ" ಅಂತ ಬೆಂಚಿನ ಮುಂದೆ ಕುಸಿದು ಕೂತ. ಗೊರಸಿನ ಸದ್ದು ಆ ದಾರಿಯಲ್ಲಿ ಮುಂದೆ ಸಾಗಿತು.

ಸೈನ್ಯದ ಆಚೆ ಸಮುದ್ರವಿತ್ತು. ಆ ಪೆಟ್ಟಿಗೆಯೊಳಗೆ ಒಂದು ಸಮುದ್ರವಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ರಾಜ ನೀರಿನ ಅಂಚಿಗೆ ಹೋಗಿ ನಿಂತ. ಕುದುರೆ ಮತ್ತೆ ಮೊಳಕಾಲೂರಿತು, ಅವನು ಇಳಿದ. ನಮಗೆ ಬೆನ್ನು ಮಾಡಿಕೊಂಡು ಮುಖವಾಡ ತೆಗೆದು ನೀರಿಗೆ ಎಸೆದ. ಅವನ ಮುಖ ಕಂಡದ್ದು ಆ ಕುದುರೆಗೆ ಮಾತ್ರ. ಆಮೇಲೆ ಹಲ್ಲಿನಿಂದ ಕಚ್ಚಿ ಗವಸು ಎಳೆದ. ಪರದೆಯ ತುಂಬ ಅವನ ಕೈ ಕಾಣಿಸಿತು. ಬೆರಳುಗಳು ಸವೆದು, ಮೊಂಡಾಗಿ, ಅಂಗೈಯೊಳಕ್ಕೆ ಮಡಿಚಿಕೊಂಡಿದ್ದವು. ಟಾಕೀಸಿಗೆ ಟಾಕೀಸೇ ಆ ಕೈ ನೋಡಿತು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮುಂದಿನ ಬೆಂಚಿನಲ್ಲಿ ಲಗಾಮಿನ ಮೇಲಿದ್ದ ತುಳಜವ್ವನ ಕೈ ನೋಡಿದರು. ಒಂದೇ ಕೈ. ಗುರುತು ಹಿಡಿಯಲು ನಮಗೆ ಇಷ್ಟು ವರ್ಷ ಬೇಕಾಯಿತು.

ಅವನು ಆ ಕೈ ಚಾಚಿದ. ಕುದುರೆ ಅಂಗೈಗೆ ಮೂತಿಯಿಟ್ಟಿತು. "ಸಾಕೂ" ಅಂದ, ಈ ಸಲ ಎಳೆಯದೆ, ಮೆಲ್ಲಗೆ. ಹತ್ತಿರ ಇದ್ದವರನ್ನು ಎಳೆದು ಕರೆಯಬೇಕಾಗಿಲ್ಲವಲ್ಲ. ಅದು ಅವನ ಭುಜದ ಮೇಲೆ ತಲೆಯಿಟ್ಟಿತು. ಬೆಳಕು ಏರುತ್ತ ಏರುತ್ತ ಸಮುದ್ರ ಕಾಣದಾಯಿತು, ಕುದುರೆ ಕಾಣದಾಯಿತು, ಅವನೂ ಕಾಣದಾದ. ಆಮೇಲೆ ಹೆಸರುಗಳು ಬಂದವು. ಯಾವುದೋ ಲಿಪಿ, ಒಂದಕ್ಷರವೂ ನಮಗೆ ಬರುತ್ತಿರಲಿಲ್ಲ. ಕೊನೆಯ ಹೆಸರು ಮೇಲೆ ಹೋಗುವವರೆಗೂ ಊರೆಲ್ಲ ಎದ್ದು ನಿಂತೇ ಇತ್ತು. ಕಪ್ಪು ಪೆಟ್ಟಿಗೆ ಒಂದು ಸಲ ಗೊರಕ್ ಅಂದು ತಾನಾಗಿ ಆರಿತು.

ಕತ್ತಲಲ್ಲಿ ಮೊದಲು ಕೂಗಿದವನು ಖಾಜೇಸಾಬ. "ಯಪ್ಪೋ! ನೋಯಾಕತ್ತೈತ್ರೋ! ನನ್ನ ಕೈ ನೋಯಾಕತ್ತೈತಿ!" ಅಂತ ಗಾಯದ ಕೈ ಮೇಲೆತ್ತಿಕೊಂಡು ಅಳುತ್ತ ನಗುತ್ತ ಕುಣಿದಾಡಿದ. ರಾಜಗೈ ಇದ್ದವರಿಗೆಲ್ಲ ಬೆರಳ ತುದಿಯಲ್ಲಿ ಜುಮ್ಮೆಂದಿತು. ಜನ ಒಬ್ಬರ ಕೈ ಒಬ್ಬರು ಹಿಸುಕಿ ನೋಡಿದರು, ಮಕ್ಕಳ ಕೆನ್ನೆ ಮುಟ್ಟಿ ನೋಡಿದರು, ಸಾಕುಮಗ ಹೋದನೆಂದು ಅತ್ತರು. ನಾನು ಕಿಂಡಿಯಿಂದ ತುಳಜವ್ವನನ್ನೇ ನೋಡುತ್ತಿದ್ದೆ. ಅವಳೂ ತನ್ನ ಕೈ ಎತ್ತಿ ನೋಡಿಕೊಂಡಳು. ಬೆರಳಿನಿಂದ ಬೆರಳನ್ನು ತಿಕ್ಕಿ ನೋಡಿದಳು. ಏನೂ ಇಲ್ಲ. ರಾಜ ಕೊಟ್ಟದ್ದಾಗಿದ್ದರೆ ತಾನೇ ಅವನು ತಿರುಗಿ ಒಯ್ಯುವುದು. ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡು ಎದ್ದಳು.

ಹೊರಗೆ ಇನ್ನೂ ಬಿಸಿಲಿತ್ತು. ಜನ ಫಕೀರಪ್ಪನ ಅಂಗಡಿಯ ಮುಂದೆ ಸೇರಿದರು. ಅವನು ಎಲ್ಲರಿಗೂ ಸುಡುಸುಡು ಚಹಾ ಕೊಟ್ಟ, ಎಲ್ಲರೂ ಹಾ ಹೂ ಅಂತ ಬೆರಳು ಬದಲಿಸುತ್ತ ಹಿಡಿದರು. ತುಳಜವ್ವ ಯಾವತ್ತಿನಂತೆ ದೂರ ನಿಂತು ತನ್ನ ಬೋಗುಣಿ ಚಾಚಿದಳು. ಫಕೀರಪ್ಪ ಆ ಬೋಗುಣಿ ನೋಡಿದ. ಅದನ್ನು ಅವಳ ಕೈಯಿಂದ ಇಸಿದುಕೊಂಡು ಗಲ್ಲಾಪೆಟ್ಟಿಗೆಯ ಕೆಳಗಿಟ್ಟುಬಿಟ್ಟ. ಅಂಗಡಿಯ ಲೋಟಗಳಲ್ಲೇ ಎರಡನ್ನು ತೊಳೆದು ತೆಗೆದುಕೊಂಡ.

"ಕುಂಡ್ರಬೇ ತುಳಜವ್ವ, ಬೆಂಚಿನ ಮ್ಯಾಲ ಕುಂಡ್ರು. ರಾಜಗೈ ಐತಿ, ಆರಿಸಿ ಕೊಡ್ತೀನಿ ತಡಿ" ಅಂದ.

ಖಾಜೇಸಾಬ ಸರಿದು ಜಾಗ ಮಾಡಿದ. ಅವಳು ಕೂತಳು. ಫಕೀರಪ್ಪ ಚಹಾವನ್ನು ಎತ್ತಿ ಸುರಿದ, ಕೆನ್ನೆಗೆ ಒತ್ತಿ ನೋಡಿದ, ಇನ್ನೂ ಬಿಸಿ ಅನ್ನಿಸಿತೋ ಏನೋ ಮತ್ತೆ ಸುರಿದ, ಮತ್ತೆ ಕೆನ್ನೆಗೆ ಒತ್ತಿದ, ಮತ್ತೆ ಸುರಿದ. ಅವನ ಕಣ್ಣಿನ ನೀರು ಗಲ್ಲದ ಮೇಲಿಂದ ಲೋಟಕ್ಕೆ ಇಳಿಯುವ ಹಾಗಿತ್ತು. ತುಳಜವ್ವ ನೋಡುವಷ್ಟು ನೋಡಿದಳು.

"ಸಾಕು ಕೊಡೋ ಮಾರಾಯಾ" ಅಂದಳು, "ಹಿಂಗ ಆರಿಸಿದ್ರ ಅದು ಚಹಾ ಆಗಿ ಉಳೀತೈತೇನು?"

ಎಲ್ಲರೂ ಬೆಚ್ಚಿ ಅವಳ ಕಡೆ ತಿರುಗಿದೆವು. ಎಷ್ಟೋ ವರ್ಷದ ಮೇಲೆ ನಮ್ಮೂರಿನಲ್ಲಿ ಆ ಶಬ್ದ ಬರೀ ಚಹಾಕ್ಕೆ ಅಂತ ಬಂದಿತ್ತು. ಫಕೀರಪ್ಪ ಲೋಟವನ್ನು ಅವಳ ಕೈಗಿಟ್ಟು, ಬೆರಳುಗಳು ಸರಿಯಾಗಿ ಸುತ್ತಿಕೊಂಡವೋ ಇಲ್ಲವೋ ನೋಡಿ, ಆಮೇಲೆ ಕೈ ಬಿಟ್ಟ.